ಎದುರಂಚಿನ ಕಲ್ಲು

"ಗುರುಗಳೇ, ನನ್ನನ್ನು ಮಠದಲ್ಲಿ ಬಿಟ್ಟ ದಿನ ನನ್ನ ತಾಯಿ ನಗುತ್ತಲೇ ಹೊರಟುಹೋದಳು. ಮಗನನ್ನು ಬಿಟ್ಟು ಹೋಗುವವಳಿಗೆ ನಗು ಹೇಗೆ ಬಂತು?" ಎಂದು ಶಿಷ್ಯ ಕೇಳಿದ. ಅವನು ಬಂದು ವರ್ಷವಾಗಿತ್ತು. ಆ ನಗು ಇನ್ನೂ ಅವನೊಳಗೆ ಮುರಿದ ಮುಳ್ಳಿನಂತೆ ಕೂತಿತ್ತು.

ಗುರುಗಳು ಹೇಳಿದರು:

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೆ ಒಬ್ಬಳೇ ಮಗಳು. ತಾಯಿಯಿಲ್ಲದ ಮಗುವನ್ನು ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಕೂರಲು ಕಲಿತಾಗಿನಿಂದ ಅವಳು ಹರಿಗೋಲಿನಲ್ಲೇ ಬೆಳೆದಳು. ಅಪ್ಪ ಒಂದು ಅಂಚಿನಲ್ಲಿ ಕೂತು ಹುಟ್ಟು ಹಾಕಿದರೆ ಮಗಳು ಎದುರಂಚಿನಲ್ಲಿ ಕೂರುತ್ತಿದ್ದಳು. ಹರಿಗೋಲೆಂದರೆ ಬುಟ್ಟಿ, ಭಾರ ಒಂದೇ ಕಡೆಗೆ ಬಿದ್ದರೆ ವಾಲುತ್ತದೆ. ಮಗಳು ಎದುರಿಗಿದ್ದಾಗ ಅದು ವಾಲುತ್ತಿರಲಿಲ್ಲ. ಅಂಬಿಗನೂ ಅಷ್ಟೆ.

ಶಾಲೆ ಇದ್ದದ್ದು ಆಚೆ ದಡದಲ್ಲಿ. ಮಕ್ಕಳನ್ನು ಮೊದಲ ಸಲ ಹರಿಗೋಲು ಹತ್ತಿಸಿದ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡರೆ ಅಂಬಿಗ ಅವರನ್ನು ಕೆಣಕುತ್ತಿದ್ದ. ಮಗು ಹೋಗುತ್ತಿರುವುದು ಆಚೆ ದಡಕ್ಕೆ, ಆಚೆ ಲೋಕಕ್ಕಲ್ಲ ಎನ್ನುತ್ತಿದ್ದ. ಕಂಡವರ ಮಕ್ಕಳನ್ನು ದಾಟಿಸುವಾಗ ಎಲ್ಲರೂ ಧೀರರೇ.

ಅವನ ಮಗಳಿಗೂ ಶಾಲೆಯ ವಯಸ್ಸಾಯಿತು. ತನ್ನ ಹಾಗೆ ಅವಳೂ ನೀರಿನ ಮೇಲೆ ಸುತ್ತುತ್ತ ಬಾಳು ಸವೆಸಬಾರದು, ನಾಲ್ಕಕ್ಷರ ಕಲಿಯಬೇಕು ಎಂದು ಅಂಬಿಗನೇ ಹಂಬಲಿಸಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದೇ ಚಿಂತೆ: ಮಗು ಅತ್ತು ರಂಪ ಮಾಡಿದರೆ ಏನು ಗತಿ? ಸಮಾಧಾನದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ. ಅವು ಒಂದೂ ಬೇಕಾಗಲಿಲ್ಲ. ಬಾಗಿಲಲ್ಲಿ ಮಕ್ಕಳ ಗದ್ದಲ ಕೇಳಿದ್ದೇ ತಡ, ಮಗಳು ಅವನ ಬೆರಳು ಬಿಟ್ಟು ಒಳಗೆ ಓಡಿದಳು. ತಿರುಗಿಯೂ ನೋಡಲಿಲ್ಲ.

ಜಾಣೆ, ಅಳಲಿಲ್ಲ ಎಂದು ಅಂಬಿಗನಿಗೆ ಹೆಮ್ಮೆಯಾಯಿತು. ಒಂದಿಷ್ಟಾದರೂ ಅಳಬಾರದಿತ್ತೇ ಎಂದು ನೋವೂ ಆಯಿತು. ಎರಡೂ ಒಟ್ಟಿಗೇ ಆದುದರಿಂದ ಅವನು ಅಲ್ಲೇ ನಿಂತುಬಿಟ್ಟ. ಕೊನೆಗೆ ಮೇಷ್ಟರೇ ಹೊರಗೆ ಬಂದು, ಸಂಜೆ ಬಾರಪ್ಪ ಎಂದು ಕಳುಹಿಸಬೇಕಾಯಿತು.

ಹೊಳೆಗೆ ಬಂದಾಗ ದಾಟುವವರು ಯಾರೂ ಇರಲಿಲ್ಲ. ಅಂಬಿಗ ರೂಢಿಯಂತೆ ತನ್ನ ಅಂಚಿನಲ್ಲಿ ಕೂತು ಹುಟ್ಟು ಹಾಕಿದ. ಹರಿಗೋಲು ಅವನ ಕಡೆಗೇ ವಾಲಿ ನೀರು ಒಳಗೆ ನುಗ್ಗಿತು. ಹುಟ್ಟು ಹಿಡಿದ ಮೊದಲ ದಿನವೂ ಅವನು ಹಾಗೆ ಮಾಡಿರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು. ಅಂಬಿಗ ದಡಕ್ಕೆ ಮರಳಿ ಒಂದು ದೊಡ್ಡ ಕಲ್ಲನ್ನು ಎತ್ತಿ ತಂದು ಎದುರಂಚಿನಲ್ಲಿಟ್ಟ. ಹರಿಗೋಲು ನೆಟ್ಟಗಾಯಿತು. ಮಧ್ಯಾಹ್ನ ಬುತ್ತಿ ಬಿಚ್ಚಿ ಮೊದಲ ತುತ್ತನ್ನು ಎಂದಿನಂತೆ ಎದುರಿಗೆ ಚಾಚಿದ. ಅಲ್ಲಿದ್ದದ್ದು ಕಲ್ಲು. ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಅಂದು ಬುತ್ತಿ ಅರ್ಧ ಹಾಗೇ ಉಳಿಯಿತು.

ಸಂಜೆ ಶಾಲೆ ಬಿಡುವುದಕ್ಕೆ ಎಷ್ಟೋ ಮೊದಲೇ ಅವನು ಆಚೆ ದಡದಲ್ಲಿ ಕಾದಿದ್ದ. ನಾಳೆಯೂ ಹೋಗುತ್ತೇನೆಂದು ಮಗಳು ಹೇಳಲಿ ಎಂದು ದೇವರನ್ನು ಬೇಡಿಕೊಂಡ. ಒಲ್ಲೆ ಎಂದರೂ ಚಿಂತೆಯಿಲ್ಲ ಎಂದು ಅದೇ ಉಸಿರಿನಲ್ಲಿ ಸೇರಿಸಿದ. ದೇವರಾದರೂ ಏನು ಮಾಡಿಯಾನು?

ಮಗಳು ಓಡಿ ಬಂದಳು. ಬಾಯಿ ತುಂಬ ಶಾಲೆಯ ಸುದ್ದಿ. ಅಂಬಿಗ ಅವಳಿಗೆ ಜಾಗ ಮಾಡಲು ಕಲ್ಲನ್ನೆತ್ತಿ ಹೊಳೆಗೆ ಎಸೆಯಹೋದ. ಮಗಳು ಅವನ ಕೈ ಹಿಡಿದಳು.

"ಎಸೀಬೇಡಪ್ಪ, ದಡದಲ್ಲೇ ಇಟ್ಟಿರು. ನಾಳೆಯೂ ನಿನಗೆ ಬೇಕಾಗ್ತದೆ."

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲನೆ ಕೇಳಿದ: "ಅಂಬಿಗ ಏನೆಂದ?"

"ಕಲ್ಲನ್ನು ದಡದಲ್ಲಿಟ್ಟ. ನಿನ್ನ ತಾಯಿಯ ಹಾಗೆ ನಕ್ಕ."