ಜವರಾಯಿ ಹಲಸಿನ ಮರಕ್ಕೆ ಸೀರೆ ಉಡಿಸಿದ್ದು

ಎಲ್ಲರೂ ಕೂತಿರಾ? ಇನ್ನೂ ಹತ್ತಿರ ಬನ್ನಿ. ಕಾಲು ಮಡಚಿಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಪಕ್ಕದವರ ಜಾಗಕ್ಕೆ ಕಾಲು ಹೋದರೆ ಏನಾಗುತ್ತೆ ಅನ್ನೋದು ಈ ಕತೆ ಮುಗಿಯುವಾಗ ನಿಮಗೇ ಗೊತ್ತಾಗುತ್ತೆ.

ಒಂದೂರು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬಳು. ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ, ಜವರಾಯಿ. ನೋಡೋಕೆ ಕಂಬದ ಹಾಗಿದ್ದ. ಎರಡು ಮೂಟೆ ರಾಗಿ ಒಟ್ಟಿಗೆ ಹೊರುತ್ತಿದ್ದ. ತಾಯಿಯ ಮಾತು ಒಂದನ್ನೂ ಮೀರಿದವನಲ್ಲ. ಅದೇ ಅವಳ ಕಷ್ಟ! ಇವತ್ತು ಹೇಳಿದ್ದನ್ನು ತಪ್ಪದೆ ಮಾಡುತ್ತಿದ್ದ, ಆದರೆ ನಾಳೆ ಮಾಡುತ್ತಿದ್ದ.

ಪಕ್ಕದ ಮನೆ ಸಾಕಮ್ಮನದು. ನಡುವೆ ಒಂದು ಮುಳ್ಳುಬೇಲಿ. ಬೇಲಿಯ ಸಾಲಿನಲ್ಲೇ ಒಂದು ಹಲಸಿನ ಮರ. ಈ ಮರ ಹುಟ್ಟಿದ್ದು ಹೇಗೆ ಗೊತ್ತಾ? ನಿಂಗಾಜಮ್ಮ, ಸಾಕಮ್ಮ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಆಗ ಬೇಲಿಯೂ ಇರಲಿಲ್ಲ. ಹಿತ್ತಲಲ್ಲಿ ಕೂತು ಒಂದು ಹಲಸಿನ ಹಣ್ಣನ್ನು ಇಬ್ಬರೇ ತಿಂದು ಮುಗಿಸಿ, ಅತ್ತೆಯರಿಗೆ ಗೊತ್ತಾಗಬಾರದು ಅಂತ ಬೀಜಗಳನ್ನೆಲ್ಲ ಮಣ್ಣಲ್ಲಿ ಹೂತಿದ್ದರು. ಕದ್ದು ತಿಂದ ಹಣ್ಣಿನ ಬೀಜಗಳಲ್ಲಿ ಒಂದು ಹುಟ್ಟಿ ಮರವಾಯಿತು.

ಬೀಜ ಮರವಾಯಿತು, ಸೊಸೆಯರು ಅತ್ತೆಯರಾಗುವ ವಯಸ್ಸಿಗೆ ಬಂದರು, ಬೇಲಿಯೂ ಬಂತು. ಮರದ ಬುಡ ನಿಂಗಾಜಮ್ಮನ ಕಡೆ, ಮೈ ಸಾಕಮ್ಮನ ಕಡೆ ವಾಲಿತು. ಒಂದು ವರ್ಷ ಹಣ್ಣೆಲ್ಲ ಸಾಕಮ್ಮನ ಕಡೆಯೇ ಬಿಟ್ಟವು. ಶುರುವಾಯಿತು ನೋಡಿ!

"ಬುಡ ನಮ್ಮದು! ಹಣ್ಣು ನಮ್ಮದು!" ಅಂದಳು ನಿಂಗಾಜಮ್ಮ.

"ನಮ್ ಕಡೀಕೆ ಬಂದಿದ್ದೆಲ್ಲ ನಮ್ಮದು!" ಅಂದಳು ಸಾಕಮ್ಮ.

ಮೂರು ವರ್ಷ ಮಾತಿಲ್ಲ, ಕತೆಯಿಲ್ಲ. ಮಾತಾಡಲೇಬೇಕಾದರೆ ಇವಳು ತನ್ನ ಕೋಳಿಗೆ ಬೈಯುತ್ತಿದ್ದಳು, ಅವಳು ತನ್ನ ಮೇಕೆಗೆ ಬೈಯುತ್ತಿದ್ದಳು. ತಲುಪಬೇಕಾದವರಿಗೆ ತಲುಪುತ್ತಿತ್ತು.

ಒಂದು ದಿನ ದಪ್ಪನೆಯ ಹಣ್ಣೊಂದು ಧೊಪ್ ಅಂತ ಬೇಲಿಯ ಆಚೆ ಬಿತ್ತು. ಸಾಕಮ್ಮ ಹೊಳೆಗೆ ಹೋಗಿದ್ದಳು.

"ಲೋ ಜವರಾಯಿ, ಹೋಗ್ಲಾ, ಆ ಹಣ್ಣ ಬಿಡಿಸಿ ತೊಳೆ ತಕ್ಕಂಡು ಬಾ. ಬೇಗ!"

ಜವರಾಯಿ ಹೋದ. ಕೂತ. ಬರಿಗೈಯಲ್ಲಿ ಬಿಡಿಸಿದ. ಹಲಸಿನ ಅಂಟು ಸುಮ್ಮನೆ ಬಿಡುತ್ತಾ? ಕೈಗೆ ಅಂಟಿತು. ಕೈಯನ್ನು ತಲೆಗೆ ಒರೆಸಿದ, ಕೈ ತಲೆಗೆ ಅಂಟಿತು. ಇನ್ನೊಂದು ಕೈಯಲ್ಲಿ ಅದನ್ನು ಕೀಳಲು ಹೋದ, ಅದೂ ಅಂಟಿತು. ಎರಡು ಕೈಯನ್ನೂ ತಲೆಯ ಮೇಲೆ ಹೊತ್ತುಕೊಂಡು, ಮೈತುಂಬ ಒಣಗಿದ ಎಲೆ ಮೆತ್ತಿಕೊಂಡು ಬಂದ. ಹಣ್ಣು ಅಲ್ಲೇ ಉಳಿಯಿತು.

"ಅಯ್ಯೋ ನನ್ ಪೆದ್ದಪ್ಪಾ! ಮುಟ್ಟೋಕೆ ಮುಂಚೆ ಎರಡು ಕೈಗೂ ಹರಳೆಣ್ಣೆ ಬಳ್ಕೋಬೇಕು ಕಣ್ಲಾ! ಆಗ ಯಾವುದೂ ಅಂಟಾಕಿಲ್ಲ!"

"ಹೂಂ ಕಣವ್ವಾ, ಈಗ ಗೊತ್ತಾಯ್ತು!"

ಏನು ಗೊತ್ತಾಯಿತೋ ಆ ದೇವರೇ ಬಲ್ಲ.

ಮಾರನೆಯ ದಿನ ನಿಂಗಾಜಮ್ಮನ ಕೆಂಪು ಹುಂಜ ಬೇಲಿ ನುಸುಳಿ ಸಾಕಮ್ಮನ ಹಿತ್ತಲಿಗೆ ಹೋಯಿತು. ತಮ್ಮ ಕಡೆಗೆ ಬಂದಿದ್ದೆಲ್ಲ ತಮ್ಮದು ಅಂತ ಸಾಕಮ್ಮ ಹೇಳಿದ್ದಾಳಲ್ಲ, ಸಂಜೆಗೆ ಸಾರಾಗುತ್ತೆ ಅಂತ ನಿಂಗಾಜಮ್ಮನಿಗೆ ಹೆದರಿಕೆ.

"ಲೋ, ಓಡ್ಲಾ! ಹುಂಜ ಹಿಡ್ಕಂಡು ಬಾ!"

ಜವರಾಯಿ ಓಡಿದ. ಎಲ್ಲಿಗೆ? ಎಣ್ಣೆ ಗಡಿಗೆಯ ಹತ್ತಿರ! ಮೊಣಕೈವರೆಗೂ ಹರಳೆಣ್ಣೆ ಬಳಿದುಕೊಂಡು ಹುಂಜ ಹಿಡಿದ. ಸರ್ ಅಂತ ಜಾರಿತು. ಮತ್ತೆ ಹಿಡಿದ. ಮತ್ತೆ ಸರ್! ಹುಂಜಕ್ಕೂ ಎಣ್ಣೆಸ್ನಾನವಾಯಿತು. ಜಾರಿದ ಹುಂಜ ಸಾಕಮ್ಮ ಜರಡಿ ಹಿಡಿಯುತ್ತಿದ್ದ ಹಿಟ್ಟಿನಲ್ಲಿ ಹೊರಳಿ, ಅವಳ ತಲೆಯ ಮೇಲೆ ಹತ್ತಿ ಕೊಕ್ಕೊಕ್ಕೋ ಅಂತ ಕೂಗಿತು.

"ಅಯ್ಯಯ್ಯೋ! ಇದೇನ್ ಹುಂಜವೋ, ದೆವ್ವವೋ!" ಅಂತ ಸಾಕಮ್ಮ ಕಿರುಚಿದಳು.

"ಹುಂಜವೇ ಕಣ್ ಚಿಕ್ಕವ್ವಾ. ನೋಡು, ಕೈಗೆ ಒಂಚೂರೂ ಅಂಟ್ಲಿಲ್ಲ!" ಅಂದ ಜವರಾಯಿ.

ತಾಯಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಪೆದ್ದಪ್ಪಾ! ಹುಂಜಕ್ಕೆ ಯಾರ್ಲಾ ಎಣ್ಣೆ ಹಚ್ಚಿದ್ದು? ಹಿಂದ್ಲಿಂದ ಸದ್ದು ಮಾಡ್ದೆ ಹೋಗಿ ಕೋಳಿ ಮುಚ್ಚೋ ಮಂಕರಿ ಬುಟ್ಟೀನ ಕವುಚಿಬುಡಬೇಕು! ಮೇಲೆ ಗುಂಡುಕಲ್ಲು ಇಟ್ಟುಬುಡಬೇಕು! ಆಗ ಎಲ್ಲೂ ಹೋಗಾಕಿಲ್ಲ!"

"ಹೂಂ ಕಣವ್ವಾ, ಈಗ ಗೊತ್ತಾಯ್ತು!"

ಹುಂಜದ ಗಲಾಟೆ ಊರಿನ ಯಜಮಾನ ಚೌಡೇಗೌಡರ ಕಿವಿಗೆ ಬಿತ್ತು. ಗಿಡ್ಡ ಮನುಷ್ಯ, ದೊಡ್ಡ ಮೀಸೆ. ಮರ ಯಾರದು ಅಂತ ಮಾರನೆಯ ದಿನ ತಾವೇ ಬಂದು ನೋಡಿ ತೀರ್ಮಾನ ಮಾಡುವುದಾಗಿ ಹೇಳಿಕಳಿಸಿದರು. ಅವರು ನಿಂಗಾಜಮ್ಮನ ಕಡೆ ಹೇಳಿದರೆ ಮರ ಉಳಿಯಿತು, ಇಲ್ಲದಿದ್ದರೆ ಹೋಯಿತು. ಮನೆಯಲ್ಲಿ ನೋಡಿದರೆ ಅವರಿಗೆ ಕೊಡೋಕೆ ಎಲೆಅಡಿಕೆಯೂ ಇಲ್ಲ.

"ಲೋ ಜವರಾಯಿ, ಅಂಗಡೀಗೆ ಹೋಗ್ಬತ್ತೀನಿ. ಯಜಮಾನ್ರು ಬಂದ್ರೆ, ನಾ ಬರೋಗಂಟ ಹೋಗದಂಗೆ ನೋಡ್ಕೋ!"

ಯಜಮಾನರು ಬಂದರು. ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಬೇರು ಯಾವ ಕಡೆ ಓಡಿದೆ ಅಂತ ನೋಡುತ್ತಿದ್ದರು. ಜವರಾಯಿ ಹಿಂದಿನಿಂದ ಬಂದ. ಸದ್ದಿಲ್ಲದೆ ಬಂದ. ಮಂಕರಿ ಕವುಚಿದ! ಮೇಲೆ ಗುಂಡುಕಲ್ಲು ಇಟ್ಟ! ಸಾಲದು ಅಂತ ತಾನೂ ಹತ್ತಿ ಕೂತ!

ನಿಂಗಾಜಮ್ಮ ಬಂದು ನೋಡುತ್ತಾಳೆ, ಮಂಕರಿ ಬೈಯುತ್ತಿದೆ.

"ಯಜಮಾನ್ರು ಎಲ್ಲಿ?"

"ಒಳಗವ್ರೆ ಕಣವ್ವಾ. ಎಲ್ಲೂ ಹೋಗಾಕಿಲ್ಲ!"

ಮಂಕರಿ ಎತ್ತಿದಾಗ ಯಜಮಾನರ ಮೀಸೆಯಲ್ಲಿ ಕೋಳಿಪುಕ್ಕ. ಅವರ ಕೋಪ ಕೇಳಬೇಕಾ? "ಈ ದರಿದ್ರ ಮರದ ದೆಸೆಯಿಂದ ನಾನು ಮಂಕರಿಯೊಳಗೆ ಕೂತ್ಕಂಡೆ! ಮರ ಇದ್ರೆ ತಾನೇ ಜಗಳ? ನಾಡಿದ್ದು ಬೆಳಿಗ್ಗೆ ಕಡಿಸಿಹಾಕ್ತೀನಿ! ಅವಳ್ಗೂ ಬ್ಯಾಡ, ನಿಂಗೂ ಬ್ಯಾಡ!"

ನಿಂಗಾಜಮ್ಮ ಮರ ಹಿಡಿದುಕೊಂಡು ನಿಂತಳು. ಬೇಲಿಯ ಆಚೆ ನಿಂತು ನಗುತ್ತಿದ್ದ ಸಾಕಮ್ಮನ ನಗುವೂ ನಿಂತಿತು. ಒಳಗೆ ಹೋದಳು. ಜಗಳ ಆಡಿದ್ದು ಮರ ಬೇಕು ಅಂತಲೇ ಹೊರತು ಮರ ಬೇಡ ಅಂತ ಅಲ್ಲವಲ್ಲ!

"ಅಯ್ಯೋ ನನ್ ಪೆದ್ದಪ್ಪಾ! ದೊಡ್ಡವ್ರು ಮನೇಗೆ ಬಂದ್ರೆ ಕಾಲು ತೊಳೆಯೋಕೆ ನೀರು ಕೊಡಬೇಕು! ಚಾಪೆ ಹಾಸಿ ಕೂರಿಸಬೇಕು! ಕೈಮುಗಿದು, ಇಲ್ಲಿರೋದೆಲ್ಲ ನಿಮ್ದೇ ಅನ್ನಬೇಕು!"

"ಹೂಂ ಕಣವ್ವಾ, ಈಗ ಗೊತ್ತಾಯ್ತು!"

ಮರುದಿನ ನಿಂಗಾಜಮ್ಮ ಯಜಮಾನರ ಮನೆ ಬಾಗಿಲಿಗೆ ಹೋದಳು, ಕೈಕಾಲು ಹಿಡಿದಾದರೂ ಮರ ಉಳಿಸಿಕೊಳ್ಳೋಣ ಅಂತ. ಹಿತ್ತಲಲ್ಲಿ ಹಲಸಿನ ಹಪ್ಪಳ ಒಣಹಾಕಿದ್ದಳು, ಮುನ್ನೂರು ಹಪ್ಪಳ. ಮನೆ ಕಾಯಲು ಜವರಾಯಿ.

ಆಗ ಬಂತು ಸಾಕಮ್ಮನ ಹೋತ. ಉದ್ದ ಗಡ್ಡ, ಗಂಭೀರವಾದ ಮುಖ, ನಿಧಾನವಾದ ನಡಿಗೆ. ಜವರಾಯಿ ನೋಡಿದ. ಯಜಮಾನರಿಗೆ ಬರೀ ಮೀಸೆ, ಇವರಿಗೆ ಗಡ್ಡ! ಇವರು ಇನ್ನೂ ದೊಡ್ಡವರು! ನೀರು ತಂದ. ಎರಡು ಕಾಲು ತೊಳೆದ. ನೋಡಿದರೆ ಇನ್ನೂ ಎರಡಿವೆ, ಅವನ್ನೂ ತೊಳೆದ. ಚಾಪೆ ಹುಡುಕಿದ. ಚಾಪೆಯ ಮೇಲೆ ಹಪ್ಪಳವಿತ್ತು. ಹಪ್ಪಳದ ಸಮೇತ ಮುಂದಕ್ಕೆ ಎಳೆದು, ಕೈಮುಗಿದು ನಿಂತ.

"ಬನ್ನಿ ಸ್ವಾಮಿ. ಇಲ್ಲಿರೋದೆಲ್ಲ ನಿಮ್ದೇ!"

ಹೋತ ಸಂಕೋಚಪಡಲಿಲ್ಲ. ಮುನ್ನೂರು ಹಪ್ಪಳವನ್ನೂ ಮುಗಿಸಿ, ಕೊನೆಗೆ ಚಾಪೆಯ ಅಂಚನ್ನೂ ರುಚಿ ನೋಡಿತು.

ಅತ್ತ ಯಜಮಾನರು ನಿಂಗಾಜಮ್ಮನ ಮುಖವನ್ನೂ ನೋಡಿರಲಿಲ್ಲ. ಅಳುತ್ತಾ ಬಂದಳು. ಬಂದು ನೋಡಿದರೆ ಹೋತ ಚಾಪೆಯ ಮೇಲೆ ಮಲಗಿದೆ, ಮಗ ಗಾಳಿ ಬೀಸುತ್ತಿದ್ದಾನೆ.

ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬರುತ್ತೆ ಅಂತ ಊರವರು ಕೇಳುತ್ತಾರೆ. ಜವರಾಯಿಯ ಬುತ್ತಿ ಮಾತ್ರ ಸರಿಯಾಗಿ ಒಂದು ದಿನ ತಡವಾಗಿ ಬಿಚ್ಚಿಕೊಳ್ಳುತ್ತಿತ್ತು.

"ಅಯ್ಯೋ ನನ್ ಪೆದ್ದಪ್ಪಾ!" ಅಂದಳು ತಾಯಿ. ಬೈಯುವ ಶಕ್ತಿಯೂ ಉಳಿದಿರಲಿಲ್ಲ. "ಬಂದೋರ್ಗೆಲ್ಲ ಮರ್ಯಾದೆ ಮಾಡ್ಬ್ಯಾಡ ಕಣ್ಲಾ. ಮನೆ ಮಗಳಿಗೆ ಮಾಡ್ಬೇಕು. ಹೆಣ್ಮಗಳು ಮನೆ ಬುಟ್ಟು ಹೋಗುವಾಗ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಒಳ್ಳೆ ಸೀರೆ ಉಡಿಸಿ, ಮಡಿಲು ತುಂಬಿ ಕಳಿಸ್ಬೇಕು. ನಂಗೆ ಆ ಭಾಗ್ಯನೂ ಇಲ್ಲ. ಹೆಣ್ಮಗಳು ಅಂತ ಇದ್ದುದ್ದು ಆ ಮರ ಒಂದೇಯ. ನಾಳೆ ಅದೂ ಹೋಯ್ತದೆ."

ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಜವರಾಯಿಗೂ ಅಳು ಬಂತು. ಪೆದ್ದನಾದರೇನು, ತಾಯಿ ಅತ್ತರೆ ಅವನಿಗೆ ತಡೆಯುತ್ತಿರಲಿಲ್ಲ.

"ಹೂಂ ಕಣವ್ವಾ," ಅಂದ ಮೆಲ್ಲಗೆ. "ಈಗ ಗೊತ್ತಾಯ್ತು."

ಬೆಳಿಗ್ಗೆ ನಿಂಗಾಜಮ್ಮ ನೀರಿಗೆ ಹೋದಳು. ಜವರಾಯಿ ಪೆಟ್ಟಿಗೆ ತೆಗೆದ. ಅದರಲ್ಲಿ ಅವಳ ಧಾರೆ ಸೀರೆ, ಮಡಿಕೆ ಮುರಿಯದೆ ಇಟ್ಟದ್ದು. ಮರಕ್ಕೆ ಅರಿಶಿನ ಬಳಿದ. ಅಂಗೈಯಗಲ ಕುಂಕುಮ ಇಟ್ಟ. ಸೀರೆ ಉಡಿಸೋಣ ಅಂದರೆ ಬೇಲಿ ಅಡ್ಡ! ಅಕ್ಕಪಕ್ಕದ ಗೂಟ ಕಿತ್ತ, ಮುಳ್ಳು ಎಳೆದು ಹಾಕಿದ. ಸೀರೆ ಸುತ್ತಿದ. ಮರ ದಪ್ಪ, ಎರಡು ಸುತ್ತಿಗೇ ಮುಗಿಯಿತು, ಸೆರಗು ಹೊದಿಸಲು ಸಾಲದು. ಆಚೆ ಸಾಕಮ್ಮನ ಹಗ್ಗದ ಮೇಲೆ ಹಸಿರು ಸೀರೆ ಒಣಗುತ್ತಿತ್ತು. ಅದನ್ನೂ ಎಳೆದು ಎರಡರ ತುದಿಗೂ ಗಂಟು ಹಾಕಿದ. ತೆಂಗಿನಕಾಯಿ, ಬೆಲ್ಲ, ಅಕ್ಕಿ ತಂದು ಮಡಿಲಿಗೆ ಕಟ್ಟಿದ. ಕಟ್ಟಿ, ಮರವನ್ನು ತಬ್ಬಿಕೊಂಡು ಹೋ ಅಂತ ಅತ್ತ.

"ಹೋಗ್ಬಾ ನನ್ನವ್ವಾ! ಹಬ್ಬಕ್ಕೆ ಕರ್ಕಬತ್ತೀನಿ! ಅಳಬ್ಯಾಡ!"

ಸಾಕಮ್ಮ ಪೊರಕೆ ಹಿಡಿದು ಓಡಿಬಂದಳು. "ನನ್ ಸೀರೆ! ಕಳ್ಳ ನನ್ಮಗನೇ, ನನ್ ಸೀ..." ಅಂದವಳು ಅಲ್ಲಿಗೇ ನಿಂತಳು. ಅಷ್ಟರಲ್ಲಿ ಕೊಡ ಹೊತ್ತು ಬಂದ ನಿಂಗಾಜಮ್ಮನೂ ನಿಂತಳು. ಮರ ಗಂಡನ ಮನೆಗೆ ಹೊರಟ ಹುಡುಗಿಯ ಹಾಗೆ ನಿಂತಿತ್ತು. ಇಬ್ಬರ ಸೀರೆಗೂ ಒಂದೇ ಗಂಟು.

"ಲೇ ನಿಂಗಾಜಿ," ಅಂದಳು ಸಾಕಮ್ಮ. ಮೂರು ವರ್ಷದಲ್ಲಿ ಅದೇ ಮೊದಲ ಮಾತು. "ಬೀಜ ಹೂಳುವಾಗ ನಿಮ್ಮತ್ತೆ ಬಂದುಬುಟ್ಳು ಅಂತ ಹೆದರ್ಕಂಡು ಇಡೀ ತೊಳೆ ನುಂಗಿ ಗಂಟ್ಲಿಗೆ ಸಿಗಾಕ್ಕಂಡಿತ್ತಲ್ಲ, ಗ್ಯಾಪಕ ಅದಾ?"

"ಬೆನ್ನಿಗೆ ಗುದ್ದಿ ಗುದ್ದಿ ಉಳಿಸ್ದೋಳು ನೀನೇ ಅಲ್ವೇನೆ!"

ಇಬ್ಬರೂ ನಕ್ಕರು. ನಗುತ್ತಾ ಅತ್ತರು. ಗಂಟು ಬಿಚ್ಚಲು ನೋಡಿದರು. ಜವರಾಯಿ ಹಾಕಿದ ಗಂಟು ಬಿಚ್ಚುತ್ತಾ?

ಯಜಮಾನರು ಮರ ಕಡಿಯುವ ಸಣ್ಣಪ್ಪನ ಜೊತೆ ಬಂದರು. ಮೊದಲು ಸುತ್ತಮುತ್ತ ಮಂಕರಿ ಇದೆಯಾ ಅಂತ ನೋಡಿಕೊಂಡರು. ಸಣ್ಣಪ್ಪ ಮರ ನೋಡಿದವನೇ ಕೊಡಲಿ ಕೆಳಗಿಟ್ಟ.

"ಮಡಿಲು ತುಂಬಿದ ಹೆಣ್ಣಿನ ಮ್ಯಾಲೆ ಕೊಡಲಿ ಎತ್ತಾಕಿಲ್ಲ ಬುದ್ಧಿ. ನಮ್ಮನೇಲೂ ಹೆಣ್ಮಕ್ಕಳವ್ರೆ."

ಯಜಮಾನರು ಮೀಸೆ ತಿರುವಿದರು, ಕೆಮ್ಮಿದರು. ಅವರ ಕೋಪವೂ ಇಳಿದಿತ್ತು. "ಆಯ್ತು, ಮರ ಇರ್ಲಿ. ಹಣ್ಣು ಅರ್ಧ ಅವಳಿಗೆ, ಅರ್ಧ ಇವಳಿಗೆ," ಅಂದು, ಜವರಾಯಿ ಕೈಮುಗಿಯಲು ಹತ್ತಿರ ಬರುತ್ತಿದ್ದಂತೆ ಬಿರಬಿರನೆ ಹೊರಟುಬಿಟ್ಟರು.

ನಿಂಗಾಜಮ್ಮ ಮಗನ ತಲೆ ಸವರಿದಳು. "ಕೇಳಿಸ್ತಾ ನನ್ನಪ್ಪಾ? ಬರೀ ಹಣ್ಣಲ್ಲ, ಇನ್ಮ್ಯಾಕೆ ನಮ್ದು ಅನ್ನೋದ್ರಲ್ಲೆಲ್ಲ ಅರ್ಧ ಸಾಕಮ್ಮಂಗೆ!"

"ಹೂಂ ಕಣವ್ವಾ, ಈಗ ಗೊತ್ತಾಯ್ತು!"

ಸಾಕಮ್ಮನಿಗೆ ಆಗಲೇ ಅನುಮಾನ.

ಮಾರನೆಯ ದಿನ ಅರ್ಧ ಮುದ್ದೆ ಸಾಕಮ್ಮನ ಮನೆಗೆ ಹೋಯಿತು. ಒಳ್ಳೆಯದು. ಜೋಡಿ ಚಪ್ಪಲಿಯಲ್ಲಿ ಒಂದು ಹೋಯಿತು. ಇರಲಿ. ಜೋಡಿಬಾಗಿಲಿನ ಒಂದು ಬಾಗಿಲನ್ನೂ ಕಿತ್ತು ಹೊತ್ತುಕೊಂಡು ಹೋಗಿ ಇಟ್ಟುಬಂದ. ಆಮೇಲೆ ಮನೆಯಲ್ಲಿ ಇನ್ನೇನಿದೆ ಅಂತ ಹುಡುಕಿದ. ಮಧ್ಯಾಹ್ನದ ಊಟ ಮಾಡಿ ನಿಂಗಾಜಮ್ಮ ಹಲಸಿನ ನೆರಳಲ್ಲಿ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದಳು.

ನಮ್ಮದು ಅನ್ನೋದರಲ್ಲೆಲ್ಲ ದೊಡ್ಡದು ಯಾವುದು? ಅವ್ವ!

ಜವರಾಯಿ ಚಾಪೆ ಹಿಡಿದ. ಅವ್ವನಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಎಳೆದ. ಕಿತ್ತ ಬೇಲಿಯ ಸಂದಿಗೆ ತಂದ. ಗೇಣು ಹಾಕಿ ಅಳೆದ. ಸೊಂಟ ಸರಿಯಾಗಿ ಬೇಲಿಯ ಸಾಲಿಗೆ ಬಂದಾಗ ನಿಲ್ಲಿಸಿದ.

ನಿಂಗಾಜಮ್ಮ ಕಣ್ಣು ಬಿಟ್ಟಳು. ತಲೆ ತನ್ನ ಹಿತ್ತಲಲ್ಲಿದೆ. ಕಾಲನ್ನು ಸಾಕಮ್ಮನ ಹೋತ ನೆಕ್ಕುತ್ತಿದೆ!

"ಅಯ್ಯೋ ನನ್ ಪೆದ್ದಪ್ಪಾ! ಇದೇನ್ಲಾ ಮಾಡ್ದೆ! ಲೇ ಸಾಕೀ, ಬಾರೆ! ನನ್ ಕಾಲೆರಡೂ ನಿನ್ ಕಡೀಕೆ ಬಂದವೆ!"

ಸಾಕಮ್ಮ ಬಂದಳು. ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ನಮ್ ಕಡೀಕೆ ಬಂದಿದ್ದೆಲ್ಲ ನಮ್ಮದು!" ಅಂದಳು. "ಬುಡ ನೀನೇ ಮಡಿಕ್ಕೋ. ಕಾಲೆರಡೂ ನಂದು. ಏಳೇ ಮ್ಯಾಕೆ, ನಡಿ, ನಮ್ಮನೇಲಿ ರಾಗಿ ಬೀಸೋದದೆ!"