ಕೂರಿಸಲು ಕರೆತಂದ ಆಟಗಾರ

ದೂಮಣ್ಣನನ್ನು ಅವರು ಆಡಿಸಲು ಕರೆತರಲಿಲ್ಲ. ಅವನು ಆಡದಂತೆ ಮಾಡಲು ಕರೆತಂದರು.

ಇದಕ್ಕೆ ಕೆಲವರು ಉಪಾಯ ಅಂದರು. ಕೆಲವರು ಗೌರವ ಅಂದರು. ಎರಡೂ ಅಲ್ಲ. ಮೋಸಕ್ಕೆ ಮೋಸ ಅಂತಲೇ ಹೇಳಬೇಕು.

ಹೊಳೆಯ ಎರಡು ದಡದಲ್ಲಿ ಎರಡು ಫುಟ್‌ಬಾಲ್ ತಂಡಗಳಿದ್ದವು. ತೆಂಕು ದಡದ್ದೊಂದು, ಬಡಗು ದಡದ್ದೊಂದು. ನಡುವೆ ಹೊಳೆ ದಾಟಿಸುವ ಕಡವಿನ ದೋಣಿ.

ತೆಂಕು ದಡದ ತಂಡಕ್ಕೆ ಒಬ್ಬ ಗುರು. ಹೆಸರು ಲಿಗೋರಿ. ಊರಿಗೆಲ್ಲ ಅವರು ಮಾಸ್ಟ್ರು. ಮೈದಾನದ ಅಂಚಿನಲ್ಲೇ ತೆಂಗಿನ ಮಡಲು ಹೊದಿಸಿದ ಅವರ ಗುಡಿಸಲು. ಆಟ ಕಲಿಯಲು ಬಂದವನ ಜಾತಿ ಕೇಳಿದವರಲ್ಲ, ಕಾಲು ನೋಡಿದವರಲ್ಲ. ನಾಳೆಯೂ ಬರ್ತೀಯಾ ಅಂತ ಮಾತ್ರ ಕೇಳುತ್ತಿದ್ದರು.

ಬಡಗು ದಡದ ತಂಡಕ್ಕೆ ಗುರುವಿಲ್ಲ. ಅಲ್ಲಿ ದೂಮಣ್ಣನೇ ಎಲ್ಲ. ಹಗಲು ಬಂದರಿನ ಐಸ್ ಕಾರ್ಖಾನೆಯಲ್ಲಿ ಮಂಜುಗಡ್ಡೆ ಹೊರುತ್ತಿದ್ದ. ಸಂಜೆ ಹುಡುಗರಿಗೆ ಕಲಿಸುತ್ತಿದ್ದ. ಪಂದ್ಯದ ದಿನ ಗೋಲಿನ ಎದುರು ಡಿಫೆಂಡರ್ ಆಗಿ ತಾನೇ ನಿಲ್ಲುತ್ತಿದ್ದ. ವಯಸ್ಸು ನಲವತ್ತರ ಹತ್ತಿರ.

ಹಿಂದಿನ ವರ್ಷ ಲೀಗಿನ ಕೊನೆಯ ಪಂದ್ಯದಲ್ಲಿ ತೆಂಕಿನವರಿಗೆ ಅವನನ್ನು ದಾಟಲು ಆಗಲಿಲ್ಲ. ಲೀಗಿನ ಕಪ್ ಹೊಳೆ ದಾಟಿ ಬಡಗು ದಡಕ್ಕೆ ಹೋಯಿತು.

ತೆಂಕಿನ ಕ್ಯಾಪ್ಟನ್ ಯತೀಶ. ಗುರುವಿನ ನೆಚ್ಚಿನ ಶಿಷ್ಯ. ಗುರು ಕಣ್ಣಿನ ಆಪರೇಷನ್ನಿಗೆ ಪೇಟೆಗೆ ಹೋದಾಗ ಅವನು ದೋಣಿ ಹತ್ತಿ ಬಡಗು ದಡಕ್ಕೆ ಹೋದ.

"ದೂಮಣ್ಣ, ಈ ವರ್ಷ ನಮ್ಮಲ್ಲಿ ಆಡಿ."

ದೂಮಣ್ಣ ನಕ್ಕ. "ನನ್ನ ಮಂಡಿಯ ಶಬ್ದ ಕೇಳಿದ್ದೀಯಾ? ಮೆಟ್ಟಿಲು ಹತ್ತಿದರೆ ಹಪ್ಪಳ ಮುರಿದ ಹಾಗೆ."

"ಮಾಸ್ಟ್ರ ಕೈಕೆಳಗೆ ಒಂದು ವರ್ಷ."

ದೂಮಣ್ಣನ ನಗು ನಿಂತಿತು. ಅವನಿಗೆ ಯಾರೂ ಆಟ ಕಲಿಸಿದವರಿಲ್ಲ. ಆಚೆ ದಡದ ಗುರುವನ್ನು ಈಚೆ ದಡದಿಂದ ನೋಡಿಯೇ ಕಲಿತವನು.

"ಇದು ನನ್ನ ಕೊನೆಯ ವರ್ಷ, ಯತೀಶ. ಮುಂದಿನ ವರ್ಷ ಈ ಮಂಡಿ ಮಾತು ಕೇಳುವುದಿಲ್ಲ. ಆಡಿಸ್ತೀಯಾ?"

"ಆಡಿಸ್ತೇನೆ."

"ಮಾತು?"

"ಮಾತು."

ಬೇರೇನೂ ಕೇಳದೆ ದೂಮಣ್ಣ ಸಹಿ ಹಾಕಿದ. ಮಾಸ್ಟ್ರ ಹತ್ತಿರ ಕಲಿತದ್ದನ್ನು ಮುಂದಿನ ವರ್ಷ ನಿಮಗೆ ಕಲಿಸ್ತೇನೆ ಅಂತ ತನ್ನ ಹುಡುಗರಿಗೆ ಹೇಳಿ ಹೊಳೆ ದಾಟಿದ.

ಲೀಗಿನ ನಿಯಮ ಎಲ್ಲರಿಗೂ ಗೊತ್ತು. ಒಂದು ತಂಡಕ್ಕೆ ಸಹಿ ಹಾಕಿದವನು ಆ ವರ್ಷ ಇನ್ನೊಂದು ತಂಡಕ್ಕೆ ಆಡುವಂತಿಲ್ಲ. ಯತೀಶನಿಗೆ ಬೇಕಾಗಿದ್ದದ್ದು ಆ ನಿಯಮ. ದೂಮಣ್ಣನ ಕಾಲಲ್ಲ.

ತೆಂಕಿನವರು ದೂಮಣ್ಣನಿಗೆ ಸನ್ಮಾನ ಮಾಡಿದರು. ಶಾಲು ಹೊದಿಸಿದರು. ಪೇಟ ತೊಡಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಇಬ್ಬರು ಭಾಷಣ ಮಾಡಿ, ಇಂಥ ಹಿರಿಯರು ನಮ್ಮ ತಂಡಕ್ಕೆ ಕಿರೀಟ ಅಂದರು. ಊರು ಸೇರಿತ್ತು. ಚಪ್ಪಾಳೆ ಜೋರಾಗಿತ್ತು.

ಆಮೇಲೆ ಪಂದ್ಯಗಳು ಶುರುವಾದವು. ದೂಮಣ್ಣನಿಗೆ ಗೆರೆಯ ಹೊರಗೆ ಒಂದು ಕುರ್ಚಿ. ಹೊಸ ಕುರ್ಚಿ, ಕೈಯಿರುವಂಥದ್ದು.

ಪ್ರತಿ ಪಂದ್ಯಕ್ಕೂ ಅವನು ಬೂಟು ಕಟ್ಟಿಕೊಂಡು ಬಂದ. ಪ್ರತಿ ಪಂದ್ಯದಲ್ಲೂ ಅವರು ಅವನನ್ನು ಕೂರಿಸಿದರು. ಕೇಳಿದರೆ, "ಇವತ್ತು ಬೇಡ ದೂಮಣ್ಣ, ಬಿಸಿಲುಂಟು." ಇನ್ನೊಂದು ದಿನ, "ಇವತ್ತು ಬೇಡ, ನೆಲ ಒದ್ದೆ."

ಬಿಸಿಲೂ ಇಲ್ಲದ, ಒದ್ದೆಯೂ ಇಲ್ಲದ ದಿನ, "ನೀವು ಕೂತರೆ ಸಾಕು. ಅದೇ ನಮಗೆ ಬಲ."

ತಿಂಗಳುಗಳ ಚಿಕಿತ್ಸೆ ಮುಗಿಸಿ, ಲೀಗಿನ ಕೊನೆಯ ಪಂದ್ಯ ಮಾತ್ರ ಉಳಿದಿದ್ದಾಗ ಗುರು ಕಪ್ಪು ಕನ್ನಡಕ ಹಾಕಿಕೊಂಡು ಪೇಟೆಯಿಂದ ಮರಳಿದರು. ಮೈದಾನದಲ್ಲಿ ಅಭ್ಯಾಸ ನಡೆಯುತ್ತಿತ್ತು. ದೂಮಣ್ಣ ಕುರ್ಚಿಯಲ್ಲಿದ್ದ.

"ಯತೀಶ, ಆ ಕುರ್ಚಿಯಲ್ಲಿ ಇರುವುದು ಯಾರು? ಒಂದು ಕಣ್ಣು ಸರಿಯಾಗಿದೆ ಅಂತ ಡಾಕ್ಟರು ಹೇಳಿದ್ದಾರೆ. ಆದರೂ ನಂಬಲು ಆಗ್ತಿಲ್ಲ."

"ಬಡಗಿನ ದೂಮಣ್ಣ, ಮಾಸ್ಟ್ರೇ. ಈ ವರ್ಷ ನಮ್ಮವರು." ಯತೀಶನ ದನಿಯಲ್ಲಿ ಹೆಮ್ಮೆ ಇತ್ತು.

"ಆಡಿಸಿದೆಯಾ?"

"ವಯಸ್ಸಾಯ್ತಲ್ಲ ಮಾಸ್ಟ್ರೇ."

"ಹೋದ ವರ್ಷ ವಯಸ್ಸಾಗಿರಲಿಲ್ಲವಾ?"

"ಹೋದ ವರ್ಷ ನಮ್ಮ ಎದುರಿದ್ದರು."

ಹುಡುಗರು ನಕ್ಕರು. ಗುರು ನಗಲಿಲ್ಲ.

"ದೂಮ, ಏಳು. ಗೋಲಿನ ಎದುರು ನಿಲ್ಲು. ಯತೀಶ, ನೀನು ಚೆಂಡು ತಕ್ಕೋ. ಅವನನ್ನು ದಾಟು."

ಯತೀಶ ದಾಟಿದ. ಇನ್ನೊಮ್ಮೆ ಬಂದ, ಇನ್ನೊಮ್ಮೆ ದಾಟಿದ. ದೂಮಣ್ಣನ ಕಾಲು ಒಂದು ಕ್ಷಣ ತಡವಾಗುತ್ತಿತ್ತು. ಅದು ಎಲ್ಲರಿಗೂ ಕಂಡಿತು.

"ನೋಡಿದಿರಾ ಮಾಸ್ಟ್ರೇ? ಸಲೀಸಾಗಿ ದಾಟಿದೆ."

"ನೋಡಿದೆ. ಹಾಗಾದರೆ ಯಾವ ಹೆದರಿಕೆಗೆ ಇವನನ್ನು ಕರೆತಂದೆ?"

ಯತೀಶ ಚೆಂಡನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ.

ದೂಮಣ್ಣ ಅಂಗಿಯ ತುದಿಯಲ್ಲಿ ಮುಖ ಒರೆಸಿಕೊಂಡ. "ಮಾತು ಆಮೇಲೆ ಆಡು ಮಾರಾಯ. ಚೆಂಡು ತಾ. ಇನ್ನೊಮ್ಮೆ ಬಾ."

ಅವನು ಬೆವರಿದ, ಬಿದ್ದ, ಎದ್ದ. ಒಮ್ಮೆ ಚೆಂಡು ಕಿತ್ತುಕೊಂಡ. ಮತ್ತೆ ಬಿದ್ದ.

ಗುರು ಅವನ ಹತ್ತಿರ ಕೂತು ಮಂಡಿ ಮುಟ್ಟಿ ನೋಡಿದರು. ಅದು ಬಾತುಕೊಂಡಿತ್ತು.

"ನೋಯ್ತದಾ?"

"ಕೂತರೆ ಹೆಚ್ಚು ನೋಯ್ತದೆ ಮಾಸ್ಟ್ರೇ. ಆಡಿಸ್ತೇನೆ ಅಂತ ಇವ ಮಾತು ಕೊಟ್ಟಿದ್ದ."

ಗುರು ಎದ್ದರು. "ಕೇಳಿದೆಯಾ ಯತೀಶ? ಬರುವ ಭಾನುವಾರ ಬಡಗಿನವರ ಜೊತೆ ಕೊನೆಯ ಪಂದ್ಯ. ಇವನನ್ನು ಆಡಿಸು."

"ಆಗುವುದಿಲ್ಲ ಮಾಸ್ಟ್ರೇ. ಇವರನ್ನು ದಾಟಿ ಅವರು ಗೋಲು ಹೊಡೀತಾರೆ. ನಾವು ಸೋಲ್ತೇವೆ."

"ಸೋಲಬಹುದು. ಸೋಲುವುದೂ ಆಟವೇ. ಕೂರುವುದು ಆಟವಲ್ಲ. ನೀನು ಮಾತು ಕೊಟ್ಟದ್ದು ಯಾವುದಕ್ಕೆ?"

"ನಾವು ಅವರಿಗೆ ಅವಮಾನ ಮಾಡಲಿಲ್ಲ. ಸನ್ಮಾನ ಮಾಡಿದ್ದೇವೆ. ಇಂಥ ಗೌರವ ಅವರ ದಡದಲ್ಲಿ ಯಾರು ಕೊಟ್ಟಿದ್ದರು?"

"ಅಲ್ಲಿ ಚೆಂಡು ಕೊಟ್ಟಿದ್ದರು."

ಯತೀಶ ತಲೆ ತಗ್ಗಿಸಿದ. ಆದರೆ ಮನಸ್ಸು ಬದಲಿಸಲಿಲ್ಲ. "ತಂಡ ಆರಿಸುವುದು ಕ್ಯಾಪ್ಟನ್. ಅದು ನೀವೇ ಮಾಡಿದ ನಿಯಮ ಮಾಸ್ಟ್ರೇ."

"ಹೌದು, ನಾನೇ ಮಾಡಿದ್ದು. ಮುರಿಯುವುದಿಲ್ಲ."

ಗುರು ಗುಡಿಸಲಿನ ಒಳಗೆ ಹೋದರು. ಒಂದು ಚೀಲ ಹಿಡಿದು ಹೊರಗೆ ಬಂದರು. ಕಡವಿನ ಕಡೆ ನಡೆದರು.

ಯತೀಶ ಓಡಿ ಹೋಗಿ ಅಡ್ಡ ನಿಂತ. "ಎಲ್ಲಿಗೆ ಮಾಸ್ಟ್ರೇ?"

"ಬಡಗು ದಡಕ್ಕೆ."

"ಯಾಕೆ?"

"ಅಲ್ಲಿಂದ ಒಬ್ಬ ಮುದುಕನನ್ನು ತಂದಿದ್ದೀಯ. ಇಲ್ಲಿಂದ ಒಬ್ಬ ಮುದುಕ ಹೋಗ್ತಾನೆ."

"ಸಿಟ್ಟು ಮಾಡಬೇಡಿ ಮಾಸ್ಟ್ರೇ."

"ಸಿಟ್ಟು ಉಂಟು. ಆದರೆ ಸಿಟ್ಟಿಗೆ ಹೋಗುವುದಲ್ಲ. ಅಲ್ಲಿನ ಹುಡುಗರಿಗೆ ಸಂಜೆ ಕಲಿಸುವವರಿಲ್ಲ. ಕಲಿಸುವವನನ್ನು ನೀನು ಕುರ್ಚಿಯಲ್ಲಿ ಇಟ್ಟಿದ್ದೀಯ."

"ನಮ್ಮ ಆಟ ಎಲ್ಲ ನಿಮಗೆ ಗೊತ್ತು. ನೀವು ಅಲ್ಲಿ ನಿಂತರೆ ಅವರು ಗೆಲ್ತಾರೆ!"

"ಹಾಗಾದರೆ ಮುದುಕರಿಂದ ಉಪಯೋಗ ಉಂಟು ಅಂತ ನಿನಗೂ ಗೊತ್ತು."

ದೋಣಿ ಹೊರಟಿತು. ದಡದಲ್ಲಿ ಶಿಷ್ಯರೆಲ್ಲ ನಿಂತರು. ಗುರು ಹಿಂದೆ ತಿರುಗಿ ನೋಡಲಿಲ್ಲ.

ಭಾನುವಾರ ಬಂತು. ಪಂದ್ಯ ತೆಂಕು ದಡದಲ್ಲಿ. ಬೇಲಿಯ ಸುತ್ತ ಎರಡೂ ದಡದ ಜನ. ಬಡಗಿನವರ ಜೊತೆ ಗುರು ದೋಣಿಯಿಂದ ಇಳಿದರು. ತಮ್ಮ ಗುಡಿಸಲಿನ ಎದುರೇ ನಡೆದು ಹೋಗಿ ಆಚೆ ಬದಿಯ ಗೆರೆಯಲ್ಲಿ ನಿಂತರು.

ಈಚೆ ಬದಿಯಲ್ಲಿ ದೂಮಣ್ಣ ಕುರ್ಚಿಯಲ್ಲಿ ಕೂತಿದ್ದ. ಕಾಲಲ್ಲಿ ಬೂಟು ಇತ್ತು.

ಮೊದಲ ಅರ್ಧದಲ್ಲೇ ಬಡಗಿನವರು ಗೋಲು ಹೊಡೆದರು. ತೆಂಕಿನವರ ಕಾವಲು ಎಲ್ಲಿ ಸಡಿಲವೋ ಅಲ್ಲಿಂದಲೇ ನುಗ್ಗಿದರು. ಹೇಳಿಕೊಟ್ಟವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು.

ವಿರಾಮದಲ್ಲಿ ಯತೀಶ ಮೈದಾನ ದಾಟಿ ಗುರುವಿನ ಎದುರು ಹೋಗಿ ನಿಂತ.

"ಏನು ಮಾಡಲಿ, ಹೇಳಿ ಮಾಸ್ಟ್ರೇ."

"ನಾನು ಇವತ್ತು ಇವರ ಮಾಸ್ಟ್ರು. ನಿನಗೆ ಹೇಳಿದರೆ ಇವರಿಗೆ ಮೋಸ. ನಿನ್ನ ಬದಿಯಲ್ಲಿ ಒಬ್ಬ ಇದ್ದಾನಲ್ಲ, ಅವನನ್ನು ಕೇಳು."

ಯತೀಶ ದೂಮಣ್ಣನ ಹತ್ತಿರ ಬಂದ. "ದೂಮಣ್ಣ, ಏನು ಮಾಡುವ?"

"ನನ್ನನ್ನು ಎಂತ ಕೇಳ್ತೀ? ನಾನು ಕಿರೀಟ ಮಾರಾಯ. ಕಿರೀಟ ಮಾತಾಡ್ತದಾ?"

ಯತೀಶನ ಮುಖ ಕೆಂಪಾಯಿತು.

"ಒಳಗೆ ಬನ್ನಿ ದೂಮಣ್ಣ. ಆಡಿ."

"ಸೋಲ್ತಿದ್ದೀರಿ ಅಂತ ಕರೆಯುವುದಾ?"

"ನೀವು ಬಂದರೂ ಸೋಲಬಹುದು."

"ಮತ್ತೆ ಯಾಕೆ?"

"ಆಡಿಸ್ತೇನೆ ಅಂತ ಹೇಳಿ ಕರೆತಂದವನು ನಾನು."

ದೂಮಣ್ಣ ಅವನ ಮುಖ ನೋಡಿದ. ಕೈ ಚಾಚಿದ. ಯತೀಶ ಅವನನ್ನು ಎಬ್ಬಿಸಿದ.

"ಕೇಳು. ಆ ಉದ್ದ ಕಾಲಿನ ಹುಡುಗ ಇದ್ದಾನಲ್ಲ, ವಿಖ್ಯಾತ್, ನಾನೇ ಕಲಿಸಿದವನು. ಎಡಕ್ಕೆ ಹೋಗುವ ಹಾಗೆ ಮಾಡಿ ಬಲಕ್ಕೆ ಹೋಗ್ತಾನೆ. ಅವನನ್ನು ನನಗೆ ಬಿಡು. ನೀನು ಮುಂದೆ ಹೋಗು. ಹಿಂದೆ ತಿರುಗಿ ನನ್ನನ್ನು ನೋಡ್ತಾ ನಿಲ್ಲಬೇಡ. ನಾನು ಬಿದ್ದರೆ ನಾನೇ ಏಳ್ತೇನೆ."

ದೂಮಣ್ಣ ಗೆರೆಯ ಒಳಗೆ ಕಾಲಿಟ್ಟ. ಬಡಗಿನ ಹುಡುಗರೇ ಮೊದಲು ಕೂಗಿದರು.

ವಿಖ್ಯಾತ್ ಎಡಕ್ಕೆ ಬಾಗಿದ, ಬಲಕ್ಕೆ ಬಂದ. ದೂಮಣ್ಣ ಅಲ್ಲೇ ಇದ್ದ. ಚೆಂಡು ಕಿತ್ತುಕೊಂಡ. "ಇದು ನಾನು ಕಲಿಸಿದ್ದು ಮಗನೇ, ಹೊಸದು ತಾ!"

ಹುಡುಗ ಹೊಸದು ತಂದ. ಪಂದ್ಯ ಮುಗಿಯುವ ಮೊದಲು ಬಲಕ್ಕೆ ಬಾಗಿ ಬಲಕ್ಕೇ ಹೋದ. ದೂಮಣ್ಣ ನೆಲಕ್ಕೆ ಬಿದ್ದ. ಚೆಂಡು ಗೋಲಿನೊಳಗೆ ಹೋಯಿತು.

ಯತೀಶ ಒಂದು ಗೋಲು ಹೊಡೆದಿದ್ದ. ಸಾಕಾಗಲಿಲ್ಲ. ತೆಂಕಿನವರು ಸೋತರು.

ಹುಡುಗ ದೂಮಣ್ಣನನ್ನು ಎಬ್ಬಿಸಲು ಬಂದ. ದೂಮಣ್ಣ ತಾನೇ ಎದ್ದ. ಮೈಯೆಲ್ಲ ಮಣ್ಣು. "ಈ ಹೊಸದು ನಿನಗೆ ಯಾರು ಹೇಳಿಕೊಟ್ಟದ್ದು? ಮಾಸ್ಟ್ರಾ?"

"ಹೌದು ದೂಮಣ್ಣ."

"ಹಾಗಾದರೆ ನಾನೂ ಅವರಿಂದ ಒಂದು ಕಲಿತ ಹಾಗಾಯ್ತು." ಜೋರಾಗಿ ನಕ್ಕ. ಕುಂಟುತ್ತ ಹೋಗಿ ಗುರುವಿನ ಕಾಲು ಮುಟ್ಟಲು ಬಾಗಿದ. ಮಂಡಿ ಬಗ್ಗಲಿಲ್ಲ. ಗುರು ಅವನ ಹೆಗಲು ಹಿಡಿದುಕೊಂಡರು.

ಬೇಲಿಯ ಹೊರಗಿನಿಂದ ಒಬ್ಬ ಕೂಗಿದ. "ಯತೀಶ, ಮುದುಕನನ್ನು ಮೈದಾನಕ್ಕೆ ಇಳಿಸಿ ಪಂದ್ಯ ಕಳೆದೆಯಲ್ಲ! ಅವನನ್ನು ಮೋಸದಿಂದ ತಂದದ್ದೇ ತಪ್ಪು, ಇಳಿಸಿದ್ದು ಇನ್ನೂ ದೊಡ್ಡ ತಪ್ಪು!"

ಇನ್ನೊಬ್ಬ ದನಿ ಸೇರಿಸಿದ. "ಗುರುವೇ ಬಿಟ್ಟು ಹೋದ ಮೇಲೆ ಇನ್ನೇನಾಗ್ತದೆ! ಎಲ್ಲ ಇವನದೇ ಕೆಲಸ."

ಯತೀಶ ಗುರುವಿನ ಎದುರು ನಿಂತ. ಕಣ್ಣಲ್ಲಿ ನೀರಿತ್ತು. ತಲೆ ಮಾತ್ರ ಎತ್ತಿದ್ದ.

"ತಪ್ಪು ನನ್ನದು ಮಾಸ್ಟ್ರೇ. ಇಲ್ಲ ಅನ್ನುವುದಿಲ್ಲ. ಆದರೆ ಒಂದು ಕೇಳ್ತೇನೆ. ಇಷ್ಟು ಪಂದ್ಯ ದೂಮಣ್ಣ ಬೂಟು ಕಟ್ಟಿಕೊಂಡು ಕೂತಿದ್ದರು. ಈ ಊರು ಬಂದು ನೋಡಿ ಹೋಗ್ತಿತ್ತು. ಒಬ್ಬರೂ ನನ್ನನ್ನು ಯಾಕೆ ಅಂತ ಕೇಳಲಿಲ್ಲ. ನಾನೊಬ್ಬನೇ ಕೂರಿಸಿದ್ದಾ?"

ಬೇಲಿ ಹಿಡಿದಿದ್ದ ಜನ ಒಂದು ಹೆಜ್ಜೆ ಹಿಂದೆ ಸರಿದರು.

ಗುರು ಕಪ್ಪು ಕನ್ನಡಕ ತೆಗೆದರು. ಬೇಲಿಯ ಹತ್ತಿರ ಬಂದು ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಅವನು ಕೇಳಿದ್ದು ಸರಿ. ಆಡುವವನನ್ನು ಹೊರಗೆ ಕೂರಿಸಿದ್ದು ಇನ್ನೊಮ್ಮೆ ಕಂಡರೆ ಬೇಲಿಯ ಹೊರಗೆ ನಿಲ್ಲಬೇಡಿ. ಒಳಗೆ ಬನ್ನಿ. ಆಟ ನಿಲ್ಲಿಸಿ. ಯಾಕೆ ಕೂರಿಸಿದ್ದೀರಿ ಅಂತ ಕೇಳಿ, ಉತ್ತರ ಕೊಡುವ ತನಕ ಅಲ್ಲಿಂದ ಕದಲಬೇಡಿ."