ಅಳತೆ ತೆಗೆಯದ ದೋಣಿ

ಹೊಳೆದಂಡೆಯ ಆಶ್ರಮದಲ್ಲಿ ನಿರ್ವಾಣಯ್ಯ ಎಂಬ ಮುಪ್ಪಿನ ಗುರುಗಳಿದ್ದರು. ಆಶ್ರಮ ದಾಟಿದರೆ ಹೊಳೆ ಬಂಡೆಗಳ ನಡುವೆ ನೊರೆಯೆಬ್ಬಿಸಿ ಧುಮುಕುತ್ತಿತ್ತು. ಅದರಾಚೆಯ ನಡುಗಡ್ಡೆಯಲ್ಲಿ ಅವರ ಗುರುಗಳ ಸಮಾಧಿ. ಪ್ರತಿವರ್ಷ ಮಳೆಗಾಲ ಕಳೆದ ಮೇಲೆ ಒಬ್ಬರೇ ದೋಣಿ ನಡೆಸಿಕೊಂಡು ಹೋಗಿ ಅಲ್ಲಿ ದೀಪ ಹಚ್ಚುವುದು ಅವರ ವ್ರತ.

ಒಬ್ಬರೇ ಮೊಣಕಾಲೂರಿ ಕೂತು ಸೊಂಟದ ಬಲದಿಂದ ತಿರುಗಿಸುವ ಕಿರಿದಾದ ದೋಣಿ ಅದು; ಆ ನೀರಿನಲ್ಲಿ ಮೈಗೆ ಅಂಟಿಕೊಂಡಂತಿರಬೇಕು. ಸಡಿಲವಾದರೆ ದೋಣಿ ಒಂದು ಕಡೆ, ಮನುಷ್ಯ ಒಂದು ಕಡೆ.

ಹಳೆಯ ದೋಣಿ ಕೊಳೆತಿತ್ತು. ಹೊಸದನ್ನು ಶಿಷ್ಯ ಕರಿಬಸವನೇ ಕೊರೆದ. “ಗುರುಗಳ ಅಳತೆ ನನ್ನ ಕೈಗೇ ಗೊತ್ತು” ಎಂದವನು ಅಳತೆಯ ದಾರ ಮುಟ್ಟಲೇ ಇಲ್ಲ. ಪ್ರೀತಿಯಿಂದ ಬಂದ ಜಂಬ ಅದು, ಆದರೂ ಜಂಬವೇ.

ಗುರುಗಳು ದೋಣಿಯಲ್ಲಿ ಮೊಣಕಾಲೂರಿ ಕೂತರು. ದಡದ ಪಕ್ಕದ ತಿಳಿನೀರಲ್ಲೇ ಸೊಂಟ ತಿರುಗಿಸಿದರು. ಅವರು ತಿರುಗಿದರು, ದೋಣಿ ತಿರುಗಲಿಲ್ಲ. ಡಬ್ಬಿಯಲ್ಲಿ ಉಳಿದ ಕೊನೆಯ ಉಂಡೆಯ ಹಾಗೆ ಆಚೀಚೆ ಉರುಳಾಡಿದರು.

“ಯಾರಿಗೋ ಮಾಡಿದ್ದು ಇದನ್ನ?”

“ನಿಮಗೇ ಗುರುಗಳೇ. ಹಳೇದನ್ನ ಮಾಡಿದ್ದೂ ನಾನೇ ಅಲ್ವಾ? ಅದೇ ಅಳತೆ.”

“ಅದರಲ್ಲಿ ಕೂರ್ತಿದ್ದವನು ಈ ಮಳೆಗಾಲದಲ್ಲೇ ಹೋಗ್ಬಿಟ್ಟ. ನಿನಗೆ ಯಾರೂ ಹೇಳಲಿಲ್ವಾ?”

ಕರಿಬಸವ ತಲೆ ತಗ್ಗಿಸಿದ. ದಿನಾ ಅವರಿಗೆ ಊಟ ಬಡಿಸುತ್ತಿದ್ದವನು, ಕಾಲು ಒತ್ತುತ್ತಿದ್ದವನು ಅವನೇ.

“ಎರಡೂ ಕಡೆ ಕಂಬಳಿ ತುರುಕ್ತೀನಿ. ಬಿಗಿ ಆಗುತ್ತೆ.”

“ನೆನೆದ ಕಂಬಳಿ ನನ್ನ ಮಾತು ಕೇಳುತ್ತಾ? ಅಳತೆ ತಗೋ.”

ಅವನು ದಾರ ತಂದು ಸೊಂಟದ ಈ ಬದಿಯಿಂದ ಆ ಬದಿಗೆ ಹಿಡಿದ. ಬಟ್ಟೆಯ ಕೆಳಗೆ ಬರೀ ಮೂಳೆ ಕೈಗೆ ತಗುಲಿತು. ಒಮ್ಮೆ ಸುಳಿಗೆ ಸಿಕ್ಕಿದ್ದ ತನ್ನನ್ನು ಒಂದೇ ಕೈಯಲ್ಲಿ ಎತ್ತಿ ದಡಕ್ಕೆ ಹಾಕಿದ ಮೈ ಇದೇನಾ ಎಂದು ಅವನಿಗೆ ಅಳು ತಡೆಯಲಾಗಲಿಲ್ಲ.

“ಈ ಸಲ ನೀವು ಹೋಗಬೇಡಿ. ದೀಪ ನಾನು ಹಚ್ತೀನಿ.”

“ನಿನ್ನ ಗುರುವಿಗೆ ನೀನು ಹಚ್ಚೋ ಕಾಲ ಬರುತ್ತೆ. ಇದು ನನ್ನ ಗುರುವಿಗೆ.”

ಕರಿಬಸವ ಕಣ್ಣೊರೆಸಿಕೊಂಡು ದಾರಕ್ಕೆ ಗಂಟು ಹಾಕಿದ. ಸ್ವಲ್ಪ ಹೊತ್ತು ಅದನ್ನೇ ನೋಡಿ, ಬಿಚ್ಚಿ, ತುಸು ಆಚೆಗೆ ಇನ್ನೊಂದು ಗಂಟು ಹಾಕಿದ.

“ಅದೇನದು?”

“ಒಂದೇ ಒಂದು ಬೆರಳು ಜಾಸ್ತಿ ಇಟ್ಟಿರ್ತೀನಿ ಗುರುಗಳೇ. ದೋಣಿ ಮತ್ತೆ ಕೊರೆಯೋ ಅಷ್ಟರಲ್ಲಿ ನೀವು ನಾಲ್ಕು ತುತ್ತು ಜಾಸ್ತಿ ಉಂಡು, ಮತ್ತೆ ಮೊದಲಿನ ಹಾಗೆ ಮೈ ತುಂಬಿಕೊಂಡ್ರೆ...”

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಆ ಒಂದು ಬೆರಳಲ್ಲೇ ಕಣೋ ನಾನು ಮುಳುಗೋದು.”